ಡ್ರೈವ್‌ಗೆ ಈಥರ್‌ನೆಟ್: ಕೇಬಲ್‌ಗಿಂತ ಕರಾರು ಮುಖ್ಯ

ಬ್ರೂಕ್‌ಫೀಲ್ಡ್‌ನ ಸುತ್ತಮುತ್ತ ಎರಡು ಬಗೆಯ ಉದ್ಯಮಗಳು ಒಂದರ ಪಕ್ಕದಲ್ಲೊಂದು ಬೆಳೆದಿವೆ. ಒಂದೆಡೆ 1994ರಲ್ಲಿ ರೂಪುಗೊಂಡ ಐಟಿಪಿಎಲ್ ಹಾಗೂ ಅದರ ಬೆನ್ನಿಗೆ ಬಂದ ಸಾಫ್ಟ್‌ವೇರ್ ಸಂಕೀರ್ಣಗಳು; ಇನ್ನೊಂದೆಡೆ ಹೂಡಿ, ಮಹದೇವಪುರ, ದೊಡ್ಡನೆಕ್ಕುಂದಿಗಳ ಸಣ್ಣ ಕೈಗಾರಿಕೆಗಳು. ಮೊದಲನೆಯದರಲ್ಲಿ ಹೊರದೇಶದ ಕಾರ್ಖಾನೆಗಳ ಯಂತ್ರಗಳಿಗೆ ತಂತ್ರಾಂಶ ಸಿದ್ಧವಾಗುತ್ತದೆ. ಎರಡನೆಯದರ ಅನೇಕ ಶೆಡ್ಡುಗಳಲ್ಲಿ ಕಂಪ್ರೆಸರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದನ್ನು ಸೂಪರ್‌ವೈಸರ್ ಇಂದಿಗೂ ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾನೆ. ಈ ಅಂತರವನ್ನು ತುಂಬುವ ಸುಲಭ ಮಾರ್ಗವೆಂದು ಈಗ ಸಣ್ಣ ಉದ್ಯಮಿಗಳ ಮುಂದೆ ಇಡಲಾಗುತ್ತಿರುವ ಪ್ರಸ್ತಾವವೆಂದರೆ ಮೋಟಾರು ಡ್ರೈವ್‌ಗಳನ್ನು ಈಥರ್‌ನೆಟ್ ಮೂಲಕ ಗಣಕಕ್ಕೋ ಪಿಎಲ್‌ಸಿಗೋ ಜೋಡಿಸುವುದು.

ಪ್ರಸ್ತಾವ ಒಳ್ಳೆಯದೇ. ಆದರೆ ಕೊಟೇಶನ್ನಿನಲ್ಲಿ ಒಂದು ಸಾಲಾಗಿ ಬರುವ ಈ ‘ಈಥರ್‌ನೆಟ್ ಸೌಲಭ್ಯ’ದ ಹಿಂದೆ ಉದ್ಯಮಿಯು ಸಹಿ ಹಾಕುವ ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾದ ಅನೇಕ ವಿಷಯಗಳಿವೆ. ಅವುಗಳಲ್ಲಿ ತಾಂತ್ರಿಕವಾದವು ಅರ್ಧ ಮಾತ್ರ. ಉಳಿದರ್ಧ ಲೆಕ್ಕಕ್ಕೂ ಕರಾರಿಗೂ ಸೇರಿದವು. ತನ್ನ ಕಾರ್ಖಾನೆಯ ಯಂತ್ರಗಳ ಮೇಲಿನ ಹಿಡಿತ ಯಾರ ಕೈಯಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಇಲ್ಲಿ ಅಡಗಿರುವುದರಿಂದ ಇದನ್ನು ಎಲೆಕ್ಟ್ರಿಷಿಯನ್ನನಿಗೆ ಒಪ್ಪಿಸಿ ಸುಮ್ಮನಾಗುವಂತಿಲ್ಲ.

ರಸ್ತೆ ಬೇರೆ, ಭಾಷೆ ಬೇರೆ

ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನು ಹೆಚ್ಚು ಕಡಿಮೆ ಮಾಡಿ ಅದರ ವೇಗವನ್ನು ನಿಯಂತ್ರಿಸುವ ಸಾಧನವೇ ಡ್ರೈವ್. ಹಿಂದೆ ಇದಕ್ಕೆ ಆಜ್ಞೆ ನೀಡಲು ಪ್ಯಾನೆಲ್ ಮೇಲಿನ ಗುಂಡಿ, ತಿರುಗಣೆ ಹಾಗೂ ಪ್ರತಿ ಸಂಕೇತಕ್ಕೂ ಒಂದೊಂದು ತಂತಿ ಬೇಕಾಗುತ್ತಿತ್ತು. ಅನಂತರ ಆರ್‌ಎಸ್-485 ಎಂಬ ಎರಡು ತಂತಿಯ ಸಂಪರ್ಕ ಬಂದಿತು. ಮಾಡಿಕಾನ್ ಸಂಸ್ಥೆ 1979ರಲ್ಲಿ ರೂಪಿಸಿದ ಮಾಡ್‌ಬಸ್ ಸಂವಹನ ವಿಧಾನವು ಈ ಎರಡು ತಂತಿಗಳ ಮೇಲೆಯೇ ದಶಕಗಳ ಕಾಲ ಪೀಣ್ಯದಿಂದ ಬೊಮ್ಮಸಂದ್ರದವರೆಗೆ ದುಡಿದಿದೆ, ಇಂದಿಗೂ ದುಡಿಯುತ್ತಿದೆ.

ಈಥರ್‌ನೆಟ್ ಹುಟ್ಟಿದ್ದು ಕಾರ್ಖಾನೆಗಾಗಿ ಅಲ್ಲ, ಕಚೇರಿಗಾಗಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ಆರಂಭವಾದ ಈ ತಂತ್ರಕ್ಕೆ 1983ರಲ್ಲಿ ಐಇಇಇ ಮಾನಕ ದೊರೆಯಿತು. ಕಳೆದ ಶತಮಾನದ ಕೊನೆಯ ವರ್ಷಗಳಿಂದೀಚೆಗೆ ಅದು ಯಂತ್ರಗಳ ಬಳಿಗೂ ಬಂದಿದೆ. ಉದ್ಯಮಿಗಳು ಮೊದಲು ಅರಿಯಬೇಕಾದ ಅಂಶವೆಂದರೆ ಈಥರ್‌ನೆಟ್ ಎಂಬುದು ರಸ್ತೆ ಮಾತ್ರ. ಆ ರಸ್ತೆಯಲ್ಲಿ ಆಡುವ ಭಾಷೆಗಳು ಹಲವು. ಮಾಡ್‌ಬಸ್ ಟಿಸಿಪಿ, ಪ್ರೊಫಿನೆಟ್, ಈಥರ್‌ಕ್ಯಾಟ್, ಈಥರ್‌ನೆಟ್/ಐಪಿ ಇವೆಲ್ಲ ಬೇರೆ ಬೇರೆ ಭಾಷೆಗಳು. ಕೊನೆಯದರ ಹೆಸರಿನಲ್ಲಿರುವ ‘ಐಪಿ’ಯು ಇಂಡಸ್ಟ್ರಿಯಲ್ ಪ್ರೊಟೊಕಾಲ್ ಎಂಬುದರ ಹ್ರಸ್ವರೂಪವೇ ಹೊರತು ಗಣಕದ ಐಪಿ ವಿಳಾಸದ ಐಪಿ ಅಲ್ಲ. ಕೊಟೇಶನ್ ಓದುವವರು ಇಲ್ಲಿ ಎಡವುವುದು ಸಹಜ. ಸೀಮೆನ್ಸ್ ಪಿಎಲ್‌ಸಿಗಳು ಹೆಚ್ಚಾಗಿ ಪ್ರೊಫಿನೆಟ್‌ಗೂ ರಾಕ್‌ವೆಲ್ ಪಿಎಲ್‌ಸಿಗಳು ಈಥರ್‌ನೆಟ್/ಐಪಿಗೂ ಒಗ್ಗಿಕೊಂಡಿವೆ. ಡ್ರೈವ್‌ನಲ್ಲಿ ಈಥರ್‌ನೆಟ್ ಸಾಕೆಟ್ ಇದ್ದ ಮಾತ್ರಕ್ಕೆ ಅದು ಕಾರ್ಖಾನೆಯಲ್ಲಿ ಈಗಾಗಲೇ ಇರುವ ಪಿಎಲ್‌ಸಿಯೊಡನೆ ಮಾತನಾಡುತ್ತದೆ ಎಂದು ಭಾವಿಸುವುದು ಸರಿಯಲ್ಲ. ಆದ್ದರಿಂದ ಖರೀದಿ ಆದೇಶದಲ್ಲಿ ಭಾಷೆಯ ಹೆಸರನ್ನೂ ಅದಕ್ಕೆ ಬೇಕಾಗುವ ಹೆಚ್ಚುವರಿ ಕಾರ್ಡಿನ ಮಾದರಿ ಸಂಖ್ಯೆಯನ್ನೂ ಸ್ಪಷ್ಟವಾಗಿ ನಮೂದಿಸುವುದು ಅವಶ್ಯ. ಡ್ರೈವ್ ಮಾರುವ ವರ್ತಕರೂ ಈ ವಿವರವನ್ನು ತಾವಾಗಿಯೇ ಕೇಳಿ ಪಡೆದರೆ ಮಾಲು ವಾಪಸಾಗುವ ತೊಂದರೆ ಇಬ್ಬರಿಗೂ ತಪ್ಪುತ್ತದೆ.

ಉಳಿತಾಯದ ಲೆಕ್ಕದಲ್ಲಿ ಬೆರಕೆ

ಮಾರಾಟ ಪ್ರತಿನಿಧಿಗಳು ನೀಡುವ ಲೆಕ್ಕದಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೊಂದಿದೆ. ಡ್ರೈವ್‌ನಿಂದ ಆಗುವ ಉಳಿತಾಯವನ್ನೂ ಈಥರ್‌ನೆಟ್‌ನಿಂದ ಆಗುವ ಉಳಿತಾಯವನ್ನೂ ಒಂದೇ ಮೊತ್ತವಾಗಿ ತೋರಿಸುವುದೇ ಆ ದೋಷ.

ಪಂಪು ಮತ್ತು ಬ್ಲೋಯರ್‌ಗಳಲ್ಲಿ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಸಿದ್ಧಾಂತದ ಪ್ರಕಾರ ಶಕ್ತಿಯ ಅಗತ್ಯ ಸುಮಾರು ಶೇ. 51ಕ್ಕೆ ಇಳಿಯುತ್ತದೆ. ನೀರನ್ನು ಎತ್ತರಕ್ಕೆ ಏರಿಸಬೇಕಾದೆಡೆ ಇಷ್ಟು ಲಾಭ ಸಿಗದಿದ್ದರೂ ಗಣನೀಯ ಉಳಿತಾಯವಂತೂ ಉಂಟು. ಆದರೆ ಇದು ಡ್ರೈವ್‌ನ ಗುಣ. ಪ್ಯಾನೆಲ್ ಮೇಲಿನ ಹತ್ತು ರೂಪಾಯಿ ಬೆಲೆಯ ಗುಂಡಿಯಿಂದ ವೇಗವನ್ನು ಇಳಿಸಿದರೂ ಬೆಸ್ಕಾಂ ಬಿಲ್ಲು ಅಷ್ಟೇ ಕಡಿಮೆಯಾಗುತ್ತದೆ. ಈಥರ್‌ನೆಟ್‌ನ ಹೆಚ್ಚುವರಿ ವೆಚ್ಚವನ್ನು ಅದರ ಹೆಚ್ಚುವರಿ ಪ್ರಯೋಜನದೊಡನೆ ಮಾತ್ರ ತೂಗಬೇಕು ಎಂಬುದು ವೆಚ್ಚ ವಿಶ್ಲೇಷಣೆಯ ಮೂಲಪಾಠ.

ಆ ಹೆಚ್ಚುವರಿ ಪ್ರಯೋಜನಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ಯಂತ್ರ ನಿಂತಾಗ ಅದು ಏಕೆ ನಿಂತಿತು ಎಂಬುದು ತಕ್ಷಣ ತಿಳಿಯುತ್ತದೆ; ಓವರ್‌ಲೋಡ್ ಆಯಿತೋ, ವೋಲ್ಟೇಜ್ ಕುಸಿಯಿತೋ, ಡ್ರೈವ್ ಕಾದುಹೋಯಿತೋ ಎಂದು ಹುಡುಕುವ ಸಮಯ ಉಳಿಯುತ್ತದೆ. ಎರಡನೆಯದಾಗಿ, ಒಂದು ಉತ್ಪನ್ನದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಹತ್ತಾರು ಡ್ರೈವ್‌ಗಳ ವೇಗವನ್ನು ಒಂದೇ ಬಾರಿಗೆ ಬದಲಿಸಬಹುದು. ಮೂರನೆಯದಾಗಿ, ಪ್ರತಿ ಯಂತ್ರ ಬಳಸಿದ ಯೂನಿಟ್‌ಗಳ ಲೆಕ್ಕ ದೊರೆಯುತ್ತದೆ. ಅನೇಕ ಸಣ್ಣ ಘಟಕಗಳಲ್ಲಿ ವಿದ್ಯುತ್ ವೆಚ್ಚವನ್ನು ಯಂತ್ರದ ಹಾರ್ಸ್‌ಪವರ್ ಆಧಾರದ ಮೇಲೆ ಅಂದಾಜಿನಿಂದ ಹಂಚುವುದು ರೂಢಿ. ನಿಜವಾದ ಬಳಕೆ ತಿಳಿದಾಗ ಲಾಭದಾಯಕವೆಂದು ನಂಬಿದ್ದ ಕೆಲವು ಜಾಬ್‌ಗಳು ಹಾಗಿಲ್ಲವೆಂಬುದು ಬೆಳಕಿಗೆ ಬರಬಹುದು. ಈ ಮೂರನೆಯ ಪ್ರಯೋಜನಕ್ಕೆ ಮಾರಾಟಗಾರರು ಕೊಡುವುದಕ್ಕಿಂತ ಹೆಚ್ಚಿನ ಬೆಲೆ ಇದೆ.

ಉದಾಹರಣೆಗಾಗಿ, ಆರು ಡ್ರೈವ್‌ಗಳಿರುವ ಘಟಕವೊಂದರಲ್ಲಿ ಕಾರ್ಡು, ಸ್ವಿಚ್, ಕೇಬಲ್ ಹಾಗೂ ಎಂಜಿನಿಯರಿಂಗ್ ಶುಲ್ಕ ಸೇರಿ 1,80,000 ರೂಪಾಯಿ ಹೆಚ್ಚುವರಿ ವೆಚ್ಚವಾಗುವುದೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 2 ಗಂಟೆಗಳ ನಿಲುಗಡೆ ತಪ್ಪಿ, ಗಂಟೆಗೆ 3,000 ರೂಪಾಯಿ ಉಳಿದರೆ ವರ್ಷಕ್ಕೆ 72,000 ರೂಪಾಯಿ. ಅದರಲ್ಲಿ 12,000 ರೂಪಾಯಿ ವಾರ್ಷಿಕ ನಿರ್ವಹಣೆಗೆ ಹೋದರೆ ನಿವ್ವಳ 60,000. ಬಂಡವಾಳ ಮರಳಲು 3 ವರ್ಷ. ಇದು ಒಪ್ಪಬಹುದಾದ ಹೂಡಿಕೆ. ಅದೇ ಎರಡೇ ಡ್ರೈವ್‌ಗಳಿರುವ ಘಟಕದಲ್ಲಿ ಎಂಜಿನಿಯರಿಂಗ್ ಶುಲ್ಕ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ವೆಚ್ಚ 90,000, ನಿವ್ವಳ ಉಳಿತಾಯ 20,000 ಆದರೆ ನಾಲ್ಕೂವರೆ ವರ್ಷ ಬೇಕು. ಇಂತಹ ಘಟಕಕ್ಕೆ ಬಹುಪಾಲು ಡ್ರೈವ್‌ಗಳಲ್ಲಿ ಮೊದಲೇ ಅಡಕವಾಗಿರುವ ಆರ್‌ಎಸ್-485 ಸಂಪರ್ಕವೇ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ಹಿಂದುಳಿದಿರುವಿಕೆಯೇನೂ ಇಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಿಲುಗಡೆಯ ನಷ್ಟವನ್ನು ಮಾರಾಟ ಮೌಲ್ಯದಿಂದ ಲೆಕ್ಕ ಹಾಕಬಾರದು; ಮಾರಾಟ ಮೌಲ್ಯದಿಂದ ಕಚ್ಚಾವಸ್ತು ಮೊದಲಾದ ಬದಲಾಗುವ ವೆಚ್ಚಗಳನ್ನು ಕಳೆದು ಉಳಿಯುವ ಮೊತ್ತದಿಂದ ಲೆಕ್ಕ ಹಾಕಬೇಕು. ಓವರ್‌ಟೈಮ್ ಮಾಡಿ ಅದೇ ಉತ್ಪಾದನೆಯನ್ನು ಸರಿದೂಗಿಸುವಂತಿದ್ದರೆ ನಷ್ಟವು ಓವರ್‌ಟೈಮ್ ಕೂಲಿಯಷ್ಟೇ.

ಜೋಡಣೆಯಲ್ಲಿ ಮಾಲೀಕನ ಪಾತ್ರ

ಜೋಡಣೆಯ ಕೆಲಸ ಎಂಜಿನಿಯರರದ್ದಾದರೂ ಅದರ ಹಂತಗಳನ್ನು ಮಾಲೀಕನು ಸ್ಥೂಲವಾಗಿಯಾದರೂ ತಿಳಿದಿರಬೇಕು. ಪ್ರತಿ ಡ್ರೈವ್‌ಗೆ ಒಂದು ಐಪಿ ವಿಳಾಸವನ್ನೂ ಸಬ್‌ನೆಟ್ ಮಾಸ್ಕನ್ನೂ ನೀಡಬೇಕು. ಒಂದೇ ವಿಳಾಸ ಎರಡು ಸಾಧನಗಳಿಗೆ ಬಂದರೆ ಎರಡೂ ಆಗಾಗ ಕಾಣೆಯಾಗುತ್ತವೆ. ವಿಳಾಸವನ್ನು ರೂಟರ್ ತಾನಾಗಿ ಹಂಚುವಂತೆ ಬಿಟ್ಟರೆ ಕರೆಂಟು ಹೋಗಿ ಬಂದ ಮೇಲೆ ವಿಳಾಸಗಳು ಅದಲುಬದಲಾಗುವ ಸಂಭವವಿದೆ. ಆದ್ದರಿಂದ ಸ್ಥಿರ ವಿಳಾಸಗಳನ್ನೇ ನೀಡಿ, ಅವುಗಳ ಪಟ್ಟಿಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸುವುದು ಲೇಸು. ಅನೇಕ ಡ್ರೈವ್‌ಗಳು ಹೊಸ ವಿಳಾಸವನ್ನು ಸ್ವೀಕರಿಸಲು ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಬೇಕು.

ಸಂಪರ್ಕ ದೊರೆತರೂ ಮೋಟಾರು ತಿರುಗದಿರುವುದು ಹೊಸದಾಗಿ ಜೋಡಿಸುವೆಡೆ ಸಾಮಾನ್ಯ. ಆಜ್ಞೆಯನ್ನು ಗುಂಡಿಯಿಂದ ಸ್ವೀಕರಿಸಬೇಕೋ ನೆಟ್‌ವರ್ಕಿನಿಂದಲೋ ಎಂಬುದನ್ನು ನಿರ್ಧರಿಸುವ ಪ್ಯಾರಾಮೀಟರ್ ಒಂದು. ವೇಗದ ಮೌಲ್ಯವನ್ನು ಎಲ್ಲಿಂದ ಪಡೆಯಬೇಕು ಎಂಬುದಕ್ಕೆ ಇನ್ನೊಂದು. ಎರಡನ್ನೂ ಬದಲಿಸಬೇಕು. ಮಾಡ್‌ಬಸ್‌ನಲ್ಲಿ ರಿಜಿಸ್ಟರ್ ಸಂಖ್ಯೆಗಳನ್ನು ಕೆಲವು ಕೈಪಿಡಿಗಳು 1ರಿಂದಲೂ ಕೆಲವು ತಂತ್ರಾಂಶಗಳು 0ಯಿಂದಲೂ ಎಣಿಸುವುದರಿಂದ ವೇಗವನ್ನು ಓದಬೇಕಾದಲ್ಲಿ ಪಕ್ಕದ ರಿಜಿಸ್ಟರಿನ ಮೌಲ್ಯವನ್ನು ಓದುವ ಗೊಂದಲವೂ ಉಂಟು.

ತಾಮ್ರದ ಈಥರ್‌ನೆಟ್ ಕೇಬಲಿನ ಒಂದು ತುಂಡು 100 ಮೀಟರ್ ಮೀರುವಂತಿಲ್ಲ. ಆರ್‌ಎಸ್-485 ಸುಮಾರು 1,200 ಮೀಟರ್‌ವರೆಗೆ ಸಾಗಬಲ್ಲದು. ಮೋಟಾರಿನ ಪವರ್ ಕೇಬಲ್‌ನ ಜೊತೆ ಒಂದೇ ಟ್ರೇನಲ್ಲಿ ಈಥರ್‌ನೆಟ್ ಕೇಬಲನ್ನು ಎಳೆದರೆ ವಿದ್ಯುತ್ ಗದ್ದಲದಿಂದ ಸಂಪರ್ಕ ಕಡಿಯುತ್ತದೆ. ಕಚೇರಿಗೆ ಕೊಳ್ಳುವ ಅಗ್ಗದ ಸ್ವಿಚ್ಚನ್ನು ಪ್ಯಾನೆಲಿನೊಳಗಿಟ್ಟರೆ ಬೇಸಿಗೆಯ ಶಾಖಕ್ಕೆ ಅದು ತಾಳುವುದಿಲ್ಲ. ಕ್ಷಣಮಾತ್ರ ವೋಲ್ಟೇಜ್ ಕುಸಿದಾಗ ಡ್ರೈವ್ ತಡೆದುಕೊಂಡರೂ ಸ್ವಿಚ್ ಆರಿ, ಸಂಪರ್ಕ ತಪ್ಪಿತೆಂದು ಎಲ್ಲ ಡ್ರೈವ್‌ಗಳೂ ಟ್ರಿಪ್ ಆಗಬಹುದು. ಸ್ವಿಚ್ಚಿಗೆ ಸಣ್ಣ ಯುಪಿಎಸ್ ಒದಗಿಸುವ ವೆಚ್ಚ ಅಲ್ಪ, ಪ್ರಯೋಜನ ಹೆಚ್ಚು.

ಸಂಪರ್ಕ ತಪ್ಪಿದಾಗ ಮೋಟಾರು ಏನು ಮಾಡಬೇಕು ಎಂಬುದು ಮಾಲೀಕನೇ ನಿರ್ಧರಿಸಬೇಕಾದ ಸಂಗತಿ. ನಿಲ್ಲಬೇಕೇ, ಹಿಂದಿನ ವೇಗದಲ್ಲೇ ಓಡಬೇಕೇ, ನಿಗದಿತ ಕಡಿಮೆ ವೇಗಕ್ಕೆ ಇಳಿಯಬೇಕೇ? ಕನ್ವೇಯರ್ ನಿಲ್ಲುವುದು ಕ್ಷೇಮ. ಕುಲುಮೆಯ ತಂಪುಗಾಳಿಯ ಬ್ಲೋಯರ್ ನಿಲ್ಲುವುದು ಅಪಾಯ. ಕಾರ್ಖಾನೆಯನ್ನು ಬಲ್ಲವನೇ ಇದಕ್ಕೆ ಉತ್ತರಿಸಬಲ್ಲ. ಇನ್ನು ತುರ್ತು ನಿಲುಗಡೆಯ ಗುಂಡಿಯನ್ನು ಯಾವ ಕಾರಣಕ್ಕೂ ಸಾಮಾನ್ಯ ಈಥರ್‌ನೆಟ್ ಸಂಪರ್ಕದ ಮೇಲೆ ಅವಲಂಬಿಸುವಂತೆ ಮಾಡಬಾರದು. ಅದಕ್ಕೆ ನೇರ ತಂತಿಯೇ ಇರಬೇಕು. ಕಾರ್ಮಿಕನ ಕೈ ಬೆರಳಿಗೆ ಸಂಬಂಧಿಸಿದ ವಿಷಯದಲ್ಲಿ ತಂತಿಯ ಉಳಿತಾಯ ಉಳಿತಾಯವಲ್ಲ.

ಕೀಲಿಕೈ ಯಾರ ಬಳಿ?

ಮೇಲಿನ ಎಲ್ಲವೂ ಸರಿಯಾಗಿ ನಡೆದು ಕಮಿಷನಿಂಗ್ ಮುಗಿಯಿತೆಂದು ಭಾವಿಸೋಣ. ಜೋಡಣೆ ಮಾಡಿದ ಎಂಜಿನಿಯರು ಎರಡು ವರ್ಷಗಳ ಬಳಿಕ ಬೇರೆ ಊರಿಗೆ ಹೋದರೆ? ಒಂದು ಡ್ರೈವ್ ಸುಟ್ಟು ಹೊಸದನ್ನು ತಂದರೆ? ಹೊಸ ಡ್ರೈವ್ ಪೆಟ್ಟಿಗೆಯಿಂದ ಬರುವಾಗ ಅದಕ್ಕೆ ಈ ಕಾರ್ಖಾನೆಯ ಬಗ್ಗೆ ಏನೂ ತಿಳಿದಿರುವುದಿಲ್ಲ. ಹಳೆಯದರ ನೂರಾರು ಪ್ಯಾರಾಮೀಟರ್‌ಗಳು, ಐಪಿ ವಿಳಾಸ, ಪಿಎಲ್‌ಸಿ ಪ್ರೋಗ್ರಾಂನ ಪಾಸ್‌ವರ್ಡ್ ಇವೆಲ್ಲ ಯಾರದೋ ಲ್ಯಾಪ್‌ಟಾಪಿನಲ್ಲಿದ್ದರೆ ಯಂತ್ರ ಮಾಲೀಕನದ್ದು, ಕೀಲಿಕೈ ಪರರದ್ದು ಎಂಬಂತಾಗುತ್ತದೆ. ತಂತಿ ಮತ್ತು ಗುಂಡಿಯ ಕಾಲದಲ್ಲಿ ಜಾಣ ಎಲೆಕ್ಟ್ರಿಷಿಯನ್ನನೊಬ್ಬ ತಂತಿಯ ಜಾಡು ಹಿಡಿದು ಸರಿಪಡಿಸುತ್ತಿದ್ದ. ನೆಟ್‌ವರ್ಕಿನಲ್ಲಿ ಹಿಡಿಯಲು ಅಂತಹ ಜಾಡಿಲ್ಲ.

ಆದುದರಿಂದ ಖರೀದಿ ಆದೇಶದಲ್ಲಿಯೇ ಕೆಲವು ಷರತ್ತುಗಳನ್ನು ಸೇರಿಸುವುದು ವಿವೇಕ. ಪ್ರತಿ ಡ್ರೈವ್‌ನ ಪ್ಯಾರಾಮೀಟರ್ ಬ್ಯಾಕಪ್, ಪಿಎಲ್‌ಸಿ ಪ್ರೋಗ್ರಾಂನ ಮೂಲಪ್ರತಿ, ಬಳಸಿದ ರಿಜಿಸ್ಟರ್‌ಗಳ ಪಟ್ಟಿ, ಐಪಿ ವಿಳಾಸಗಳ ನಕ್ಷೆ ಹಾಗೂ ಎಲ್ಲ ಪಾಸ್‌ವರ್ಡ್‌ಗಳನ್ನು ಮಾಲೀಕನಿಗೆ ಲಿಖಿತವಾಗಿ ಒಪ್ಪಿಸತಕ್ಕದ್ದು. ಒಂದು ಡ್ರೈವ್‌ನ ಪ್ಯಾರಾಮೀಟರ್‌ಗಳನ್ನು ಅಳಿಸಿ, ಬ್ಯಾಕಪ್‌ನಿಂದ ಮರಳಿ ತುಂಬಿ ಓಡಿಸಿ ತೋರಿಸತಕ್ಕದ್ದು. ಇವು ಪೂರ್ಣಗೊಂಡ ಮೇಲೆಯೇ ಕೊನೆಯ ಕಂತು ಪಾವತಿಯಾಗತಕ್ಕದ್ದು. ಇಂತಹ ಷರತ್ತಿನಿಂದ ಪ್ರಾಮಾಣಿಕ ಜೋಡಣೆಗಾರನಿಗೆ ತೊಂದರೆಯಿಲ್ಲ. ಷರತ್ತು ಪೂರೈಸಿದ ಮೇಲೆ ಅವನ ಹಣವನ್ನು ತಡೆಹಿಡಿಯದಿರುವುದು ಮಾಲೀಕನ ಧರ್ಮ. ಅವನೂ ಸಣ್ಣ ಉದ್ಯಮಿಯೇ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, ಲಿಖಿತ ಒಪ್ಪಂದವಿದ್ದಾಗಲೂ, ಕೆಲಸ ಒಪ್ಪಿಕೊಂಡ ದಿನದಿಂದ 45 ದಿನಗಳೊಳಗೆ ಅವನಿಗೆ ಹಣ ಸಲ್ಲಬೇಕೆಂದು ಕಾನೂನೂ ಹೇಳುತ್ತದೆ.

ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ವೋಚರ್‌ನ ಮೊತ್ತ ತಿದ್ದಿದವರ ಹೆಸರು ಸಿಗುತ್ತದೆ. ಆದರೆ ಮೋಟಾರಿನ ಗರಿಷ್ಠ ವೇಗವನ್ನು ತಿದ್ದಿದವರ ಹೆಸರು ಎಷ್ಟು ಕಾರ್ಖಾನೆಗಳಲ್ಲಿ ಸಿಗುತ್ತದೆ? ಪ್ಯಾನೆಲ್ ಪಕ್ಕದಲ್ಲಿ ಒಂದು ರಿಜಿಸ್ಟರ್ ಪುಸ್ತಕವಿಟ್ಟು ದಿನಾಂಕ, ಪ್ಯಾರಾಮೀಟರ್, ಹಳೆಯ ಮೌಲ್ಯ, ಹೊಸ ಮೌಲ್ಯ, ಸಹಿ ಎಂಬ ಐದು ಅಂಕಣಗಳನ್ನು ತುಂಬಿಸಿದರೆ ಸಾಕು. ಇದಕ್ಕೆ ತಗಲುವ ಖರ್ಚು ಒಂದು ನೋಟ್‌ಪುಸ್ತಕದ್ದು.

ದಿಡ್ಡಿ ಬಾಗಿಲಿನ ಚಿಂತೆ

ಮಾಡ್‌ಬಸ್ ಟಿಸಿಪಿಯ ಮೂಲರೂಪದಲ್ಲಿ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯೇ ಇಲ್ಲ. ಡ್ರೈವ್ ನೆಟ್‌ವರ್ಕಿನಿಂದ ಆಜ್ಞೆ ಸ್ವೀಕರಿಸುವಂತಿದ್ದರೆ, ಅದೇ ನೆಟ್‌ವರ್ಕಿನಲ್ಲಿರುವ ಯಾವ ಗಣಕವಾದರೂ ಮೋಟಾರಿಗೆ ‘ಓಡು’ ಎನ್ನಬಹುದು, ‘ನಿಲ್ಲು’ ಎನ್ನಬಹುದು. ಸಣ್ಣ ಘಟಕಗಳಲ್ಲಿ ಟ್ಯಾಲಿ ಇರುವ ಗಣಕ, ಸಿಸಿಟಿವಿ, ಅತಿಥಿಗಳ ಮೊಬೈಲಿಗೆ ಕೊಡುವ ವೈಫೈ ಎಲ್ಲವೂ ಒಂದೇ ರೂಟರಿಗೆ ಜೋತುಬಿದ್ದಿರುವುದು ಅಪರೂಪವಲ್ಲ. ಡ್ರೈವ್‌ಗಳನ್ನೂ ಅದಕ್ಕೇ ಸಿಕ್ಕಿಸಿದರೆ ಅಪಾಯಕ್ಕೆ ಆಹ್ವಾನವಿತ್ತಂತೆ.

ಇದು ಕಲ್ಪನೆಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶವು ಇರಾನಿನ ಪರಮಾಣು ಸ್ಥಾವರದಲ್ಲಿ ಗುರಿ ಮಾಡಿಕೊಂಡದ್ದು ಮೋಟಾರು ಡ್ರೈವ್‌ಗಳನ್ನೇ. ಡ್ರೈವ್‌ಗಳ ಆವರ್ತನವನ್ನು ಗುಟ್ಟಾಗಿ ಏರಿಳಿಸಿ ಯಂತ್ರಗಳನ್ನು ಕೆಡಿಸುವುದು ಅದರ ವಿಧಾನವಾಗಿತ್ತು. ಮಹದೇವಪುರದ ಶೆಡ್ಡಿಗೆ ಅಂತಹ ಶತ್ರುಗಳಿಲ್ಲದಿರಬಹುದು. ಆದರೆ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ವೈರಸ್‌ಗಳು ದೊಡ್ಡವರು ಸಣ್ಣವರೆಂದು ನೋಡುವುದಿಲ್ಲ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಡಬೇಕು. ಸಣ್ಣ ಉದ್ಯಮಗಳಿಗೂ 2022ರ ಸೆಪ್ಟೆಂಬರ್‌ನಿಂದ ಇದು ಅನ್ವಯಿಸಿದೆ.

ಪರಿಹಾರ ದುಬಾರಿಯಲ್ಲ. ಯಂತ್ರಗಳಿಗೆ ಪ್ರತ್ಯೇಕ ಸ್ವಿಚ್, ಕಚೇರಿಗೆ ಪ್ರತ್ಯೇಕ. ನಡುವೆ ಒಂದೇ ಕಾವಲಿನ ದಾರಿ. ದೂರದಿಂದ ಸರಿಪಡಿಸುವ ಸಂಪರ್ಕವನ್ನು ಬೇಕಾದಾಗ ತೆರೆದು ಕೆಲಸ ಮುಗಿದೊಡನೆ ಮುಚ್ಚಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಲೆಕ್ಕಪುಸ್ತಕದಲ್ಲಿ ಎಲ್ಲಿ?

ಡ್ರೈವ್, ಕಾರ್ಡು, ಕೇಬಲ್, ಜೋಡಣೆ ಮತ್ತು ಪರೀಕ್ಷೆಯ ಶುಲ್ಕಗಳು ಯಂತ್ರವನ್ನು ಕೆಲಸಕ್ಕೆ ಸಿದ್ಧಗೊಳಿಸಲು ಬೇಕಾದವುಗಳಾದ್ದರಿಂದ ಆಸ್ತಿಯ ಮೌಲ್ಯಕ್ಕೆ ಸೇರುತ್ತವೆ. ಸಿಬ್ಬಂದಿ ತರಬೇತಿ ಹಾಗೂ ಎಎಂಸಿ ಆಯಾ ವರ್ಷದ ಖರ್ಚು. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳಿಗೆ ಶೇ. 15, ಗಣಕ ಮತ್ತು ಅದರ ತಂತ್ರಾಂಶಕ್ಕೆ ಶೇ. 40 ಸವಕಳಿ ದರಗಳಿರುವುದರಿಂದ ಬಿಲ್ಲಿನಲ್ಲಿ ಇವುಗಳನ್ನು ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು. ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಿದ್ದರೆ ಸವಕಳಿ ಅರ್ಧ ಮಾತ್ರ. ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯನ್ನು ಪಡೆದಲ್ಲಿ ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ, ಎರಡರಲ್ಲಿ ಒಂದೇ. ಆದರೆ ತೆರಿಗೆಯ ಅನುಕೂಲಕ್ಕಾಗಿಯೇ ಯಂತ್ರ ಕೊಳ್ಳುವುದು ಎಂದಿಗೂ ಸರಿಯಾದ ಕಾರಣವಲ್ಲ.

ಕಲಿಕೆಯ ಹೊಣೆ

2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಕೇಳಿಬಂದ ‘ಇಂಡಸ್ಟ್ರಿ 4.0’ ಎಂಬ ನುಡಿ ಈಗ ಪ್ರತಿಯೊಂದು ವಿಚಾರಗೋಷ್ಠಿಯಲ್ಲೂ ಮೊಳಗುತ್ತಿದೆ. ಎಲ್ಲ ಯಂತ್ರಗಳನ್ನೂ ಕೂಡಲೇ ಜೋಡಿಸದಿದ್ದರೆ ಉಳಿಗಾಲವಿಲ್ಲ ಎಂಬ ಭಯವೂ ಅತಿ, ಇದೆಲ್ಲ ದೊಡ್ಡವರ ಆಟ ಎಂಬ ಉದಾಸೀನವೂ ಅತಿ. ತುಮಕೂರು ರಸ್ತೆಯಲ್ಲಿ 1962ರಿಂದ ಇರುವ ಸಿಎಂಟಿಐ ಸಂಸ್ಥೆ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳೆರಡೂ ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಡಿ ಇಂತಹ ತಂತ್ರಜ್ಞಾನದ ಪ್ರಾತ್ಯಕ್ಷಿಕೆಗೆ ವ್ಯವಸ್ಥೆ ರೂಪಿಸಿವೆ. ಹಣ ಹೂಡುವ ಮುನ್ನ ಅಲ್ಲಿಗೆ ಸೂಪರ್‌ವೈಸರನನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ನಾಳೆ ಯಂತ್ರ ನಿಂತಾಗ ಅದರ ಮುಂದೆ ನಿಲ್ಲುವವನು ಅವನೇ.

ವಾಣಿಜ್ಯ ಮಂಡಲಿಗಳೂ ಕೈಗಾರಿಕಾ ಸಂಘಗಳೂ ಈ ವಿಷಯದಲ್ಲಿ ಒಂದು ಉಪಯುಕ್ತ ಕೆಲಸ ಮಾಡಬಹುದು. ಮೇಲೆ ಹೇಳಿದ ಷರತ್ತುಗಳನ್ನೊಳಗೊಂಡ ಮಾದರಿ ಖರೀದಿ ಆದೇಶವೊಂದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಒಂಟಿಯಾಗಿ ಕೇಳಲು ಹಿಂಜರಿಯುವ ಸಣ್ಣ ಉದ್ಯಮಿಯೂ ಧೈರ್ಯದಿಂದ ಕೇಳುತ್ತಾನೆ. ಹತ್ತು ಜನ ಒಂದೇ ಷರತ್ತನ್ನು ಕೇಳಿದರೆ ಅದು ಮಾರುಕಟ್ಟೆಯ ರೂಢಿಯಾಗುತ್ತದೆ. ಯಂತ್ರ ಕೊಂಡವನಿಗೆ ಅದರ ಪ್ಯಾರಾಮೀಟರ್‌ಗಳೂ ಪಾಸ್‌ವರ್ಡ್‌ಗಳೂ ಸೇರಿಯೇ ಬರಬೇಕೆಂಬುದು ಆ ರೂಢಿಗಳಲ್ಲಿ ಮೊದಲನೆಯದಾಗಲಿ.